ಶುಕ್ರವಾರದ ಗುಳಿಗೆ

ಬುರುಲ್ಚಾ ಅಜ್ಜಿಯನ್ನು ಎಂಟು ಕೌದಿಗಳ ಮೇಲೆ ಮಲಗಿಸಿ ಒಂದು ವರ್ಷವಾಗಿತ್ತು. ಕೌದಿ ಎಷ್ಟು ಮೆತ್ತಗೆಂದರೆ, ಮಗ್ಗುಲಾದರೆ ಅಜ್ಜಿ ಪೂರಾ ಮುಳುಗಿ ಮೂಗೊಂದೇ ಕಾಣುತ್ತಿತ್ತು. ಹೋದ ಬೇಸಿಗೆ ಹಿಟ್ಟಿನ ಮೂಟೆ ಎತ್ತಲು ಬಗ್ಗಿದ್ದಳು. ಬೆನ್ನೊಳಗೆ ಒಣಕಡ್ಡಿ ಮುರಿದ ಸದ್ದು. ಎದ್ದು ನಿಂತಾಗ ನಾಲ್ಕು ಬೆರಳು ಗಿಡ್ಡವಾಗಿದ್ದಳು.

ನರಿನ್ ಪಟ್ಟಣದ ಡಾಕ್ಟರಮ್ಮ ಅಸಿಲ್ಕಾನ್ ಯಂತ್ರದಡಿ ಮಲಗಿಸಿ ಮೂಳೆ ಅಳೆದಳು. ಒಳಗೆಲ್ಲ ಜರಡಿ. ಮುಟ್ಟು ನಿಂತು ಮೂವತ್ತು ವರ್ಷವಾಗಿತ್ತು. ಅದರ ಮೇಲೆ ಮಂಡಿನೋವಿಗೆಂದು ಸಂತೆಯಲ್ಲಿ ಕೊಂಡು ಹತ್ತು ವರ್ಷ ನುಂಗಿದ ಹೆಸರಿಲ್ಲದ ಮಾತ್ರೆಯಲ್ಲಿ ಮೂಳೆ ತಿನ್ನುವ ಸ್ಟೀರಾಯ್ಡ್ ಇತ್ತು. ಅದನ್ನು ಮೆಲ್ಲಮೆಲ್ಲಗೆ ಬಿಡಿಸಿದ ಡಾಕ್ಟರಮ್ಮ ವಾರಕ್ಕೊಂದು ಹೊಸ ಗುಳಿಗೆ ಬರೆದಳು. ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಆಮೇಲೆ ಅರ್ಧ ಗಂಟೆ ಏನೂ ತಿನ್ನದೆ ನೆಟ್ಟಗಿರಬೇಕು. ದಿನಾ ಬಿಸಿಲಲ್ಲಿ ನಾಲ್ಕು ಹೆಜ್ಜೆಯೂ ಹಾಕಬೇಕು.

ಸೊಸೆ ಜಿಪಾರ್ ಹೆಜ್ಜೆಯ ಮಾತನ್ನು ಅಲ್ಲೇ ಬಿಟ್ಟು ಬಂದಳು. ಹಿರಿಯ ಹೆಂಗಸರನ್ನು ಅಲ್ಲಿ 'ಅಪಾ', ಅಂದರೆ ಅಮ್ಮ, ಅನ್ನುತ್ತಾರೆ; ಅತ್ತೆಗೆ ಅವಳೂ ಹಾಗೇ ಅನ್ನುತ್ತಿದ್ದಳು.

"ನೀವು ಇನ್ನೊಂದ್ಸಲ ಮುರ್ಕೊಂಡ್ರೆ ಊರೋರು ನನ್ನ ಮೂಳೆ ಮುರೀತಾರೆ, ಅಪಾ. ಸುಮ್ನೆ ಮಲ್ಕೊಳ್ಳಿ."

"ಮಲಗಿ ಮಲಗಿ ಬೆನ್ನಿಗೆ ಬೇರು ಬಿಟ್ಟಿದೆ ಕಣೇ. ನಾಳೆ ಚಿಗುರಿದ್ರೆ ಕುರಿ ಬಂದು ಮೇಯುತ್ತೆ."

ಬೇಸಿಗೆ ಬಂತು. ಊರಿಗೆ ಊರೇ ಕುರಿ, ಕುದುರೆ, ಡೇರೆ ಸಮೇತ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಲಾರಿಯಲ್ಲಿ ಹೊರಡಲು ಸಜ್ಜಾಯಿತು. ಮಗ ಕುಬಾತ್ ಹೇಳಿಬಿಟ್ಟ: "ಮೂಳೆ ಗಟ್ಟಿಯಾಗಿದೆ ಅಂತ ಡಾಕ್ಟರ್ ಹೇಳಿದ್ರೆ ಮೇಲೆ, ಇಲ್ಲಾಂದ್ರೆ ಇಲ್ಲೇ."

ಅಜ್ಜಿಗೆ ಧೈರ್ಯವಿತ್ತು. ಒಂದು ವಾರವೂ ತಪ್ಪದೆ ನುಂಗಿದ್ದಳು, ಅದೂ ಒಳ್ಳೆಯ ದಿನವೆಂದು ಶುಕ್ರವಾರವೇ.

ಎರಡನೇ ಸಲ ಅಳೆದಾಗ ಲೆಕ್ಕ ಇನ್ನೂ ಕೆಳಗಿಳಿದಿತ್ತು.

"ಹೇಗೆ ತಗೊಂಡ್ರಿ, ಅಪಾ?" ಡಾಕ್ಟರಮ್ಮ ಕೇಳಿದಳು.

"ಬಿಸ್ಮಿಲ್ಲಾ ಅಂತ, ನೀರಲ್ಲಿ."

"ಆಮೇಲೆ?"

ಜಿಪಾರ್ ನೆಲ ನೋಡಿದಳು. "ಆಮೇಲೆ ರೊಟ್ಟಿ, ಹಾಲು ಹಾಕಿದ ಚಹಾ. ಶುಕ್ರವಾರ ಅಲ್ವಾ?"

ಶುಕ್ರವಾರ ಸತ್ತವರಿಗೆ ಪರಿಮಳ ಮುಟ್ಟಲೆಂದು ಮನೆಮನೆಯಲ್ಲೂ ಎಣ್ಣೆಯಲ್ಲಿ ರೊಟ್ಟಿ ಕರಿಯುತ್ತಾರೆ. ಗುಳಿಗೆ ಗಂಟಲು ಇಳಿಯುವ ಮೊದಲೇ ಪಕ್ಕದ ಮನೆಯ ಕಾಲಿಪಾ ತಟ್ಟೆ ಹಿಡಿದು ಬಾಗಿಲಲ್ಲಿರುತ್ತಿದ್ದಳು. ಎದುರಿಗೆ ಹಿಡಿದ ರೊಟ್ಟಿಯನ್ನು ಜಗಳವಾಡಿದವರೂ ಒಲ್ಲೆ ಅನ್ನುವುದಿಲ್ಲ, ಚೂರಾದರೂ ಬಾಯಿಗಿಡಲೇಬೇಕು.

ಡಾಕ್ಟರಮ್ಮ ಹಣೆ ಚಚ್ಚಿಕೊಂಡಳು. "ಔಷಧಿ ಮೈಗೇ ಹತ್ತಿಲ್ಲ! ಸತ್ತವರ ಮೂಳೆ ಗಟ್ಟಿಯಾಗಿರಬೇಕು ಅಷ್ಟೇ. ಮಂಗಳವಾರಕ್ಕೆ ಬದಲಾಯಿಸಿ. ಮತ್ತೆ ನೀನು, ಇವರನ್ನ ಯಾಕೆ ಮಲಗಿಸಿದ್ದೀಯ? ನಡೀದಿದ್ರೆ ಮೂಳೆ ಇನ್ನೂ ಸವೆಯುತ್ತೆ. ಈ ವರ್ಷ ಮಾತ್ರ ಲಾರಿಯ ಕುಲುಕಾಟ ಬೇಡ."

ಲಾರಿ ಹೋಯಿತು. ಅಜ್ಜಿ ಉಳಿದಳು, ಅಜ್ಜಿಯನ್ನು ಕಾಯಲು ಜಿಪಾರ್ ಉಳಿದಳು, ಮಂಡಿ ಹಿಡಿದ ಕಾಲಿಪಾಳೂ ಉಳಿದಳು. ಊರು ಎಷ್ಟು ಖಾಲಿಯೆಂದರೆ, ನೊಣಗಳಿಗೂ ಮಾತಿಗೆ ಜನ ಸಿಗುತ್ತಿರಲಿಲ್ಲ.

ಮಂಗಳವಾರ ಗುಳಿಗೆ ನುಂಗಿ ಇನ್ನೂ ಲೋಟ ಕೆಳಗಿಟ್ಟಿರಲಿಲ್ಲ, ಕಾಲಿಪಾ ಬಂದಳು. ಕೈಯಲ್ಲಿ ತಟ್ಟೆ.

"ಪಾಪ, ಮೇಲೆ ಹೋಗದೆ ಉಳಿದೆಯಲ್ಲ ಅಂತ ಕರಿದೆ. ಒಂದು ಚೂರು ಬಾಯಿಗಿಡು."

ಒಲ್ಲೆ ಅನ್ನುವಂತಿಲ್ಲ, ತಿನ್ನುವಂತೆಯೂ ಇಲ್ಲ. ಬುರುಲ್ಚಾ ಕೌದಿಯಿಂದ ಕಾಲು ಕಿತ್ತು ಕೋಲು ಹಿಡಿದಳು.

"ಇಡ್ತೀನಿ ಮಾರಾಯ್ತಿ. ಗೇಟಿನ ತನಕ ಹೋಗಿ ಬಂದು ಇಡ್ತೀನಿ. ನನ್ನ ನಡಿಗೆಗೆ ಅರ್ಧ ಗಂಟೆ ಬೇಕು, ಕೂತಿರು."

ಬಿದ್ದರೆ ಕೆಳಗೆ ಹಾಸಲೆಂದು ಜಿಪಾರ್ ಕೌದಿ ಹೊತ್ತು ಹಿಂದೆ ಓಡಿದಳು. "ಅಪಾ, ಸಾಕು! ಅಪಾ, ಕಲ್ಲಿದೆ!"

ಅಜ್ಜಿ ಗೇಟು ಹಿಡಿದು ಏದುಸಿರು ಬಿಟ್ಟಳು. ಆಚೆ ಕೆಸರಿನಲ್ಲಿ ಲಾರಿಯ ಗಾಲಿಯ ಗುರುತು ಬೆಟ್ಟದ ಕಡೆ ಹೋಗಿತ್ತು.

"ಗೇಟು ತೆಗಿಯೇ."

"ಇವತ್ತಿಗೆ ಇಷ್ಟು ಸಾಕು."

"ನನ್ನ ಮೂಳೆ ಗಟ್ಟಿಯಾಗೋ ತನಕ ನೀನೂ ಇಲ್ಲೇ ಕಣೇ. ತೆಗೆಯೋದು ಬೇಡ ಅಂದ್ರೆ ಬಿಡು."

ಜಿಪಾರ್ ಆ ಗುರುತನ್ನೇ ನೋಡುತ್ತ ನಿಂತಳು. ಆಮೇಲೆ ಕೌದಿಯನ್ನು ಬೇಲಿಗೆ ಎಸೆದು ಅಗುಳಿ ತೆಗೆದಳು.