ಹಾಲಪ್ಪನ ಹಾಜರಿ

ನನ್ನ ಗಂಟಲು ದೊಡ್ಡದು ಎಂಬ ಒಂದೇ ಕಾರಣಕ್ಕೆ ನನ್ನನ್ನು ಬೆಂಕಿಯ ಉಸ್ತುವಾರಿಗೆ ಹಾಕಿದರು. ೧೯೯೯ರ ಮಾತು, ಡಚ್ಚರ ದೇಶದಲ್ಲಿ. ಜೂಟರ್‌ಮೀರಿನ ನಾಲ್ಕು ಮಹಡಿಯ ಒಂದು ಕಚೇರಿಯಲ್ಲಿ ನಾವು ಹತ್ತೊಂಬತ್ತು ಜನ ಕೂತಿದ್ದೆವು. ಹಳೆಯ ಪ್ರೋಗ್ರಾಮುಗಳು ಎರಡು ಸಾವಿರದ ಇಸವಿಗೆ ಕೆಟ್ಟು ಕೂರದಂತೆ ನೋಡಿಕೊಳ್ಳಲು ಬೆಂಗಳೂರಿನಿಂದ ನಮ್ಮನ್ನು ಕರೆಸಿದ್ದರು. ಆ ದೇಶದಲ್ಲಿ ಪ್ರತಿ ಕಚೇರಿಗೂ ತನ್ನದೇ ಒಂದು ತುರ್ತು ದಳ ಇರಬೇಕಂತೆ. ನಿಮ್ಮಲ್ಲಿ ಯಾರು ಮುಖ್ಯಸ್ಥರು ಎಂದು ಕೇಳಿದಾಗ ಹುಡುಗರೆಲ್ಲ ತಲೆ ತಗ್ಗಿಸಿ ಕೀಬೋರ್ಡ್ ನೋಡತೊಡಗಿದರು.

"ನಾಗಮಣಿ ಮೇಡಂ ಒಂದ್ಸಲ ಕೂಗಿದ್ರೆ ಸಾಕು, ಬಿಲ್ಡಿಂಗೇ ಖಾಲಿ ಆಗತ್ತೆ," ಎಂದ ಕಿಶನ್.

ಎಲ್ಲರೂ ನಕ್ಕರು. ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಸೀರೆ ಬಿಟ್ಟು ಪ್ಯಾಂಟು ಹಾಕಿದ್ದೇ ಹೆಚ್ಚು, ಈಗ ಅದರ ಮೇಲೊಂದು ಹಳದಿ ಜಾಕೆಟ್ಟು ಬಂತು.

ಎರಡು ದಿನ ತರಬೇತಿ ಕೊಟ್ಟವನು ಹೆಂಕ್, ಆ ಊರಿನ ಅಗ್ನಿಶಾಮಕ ಅಧಿಕಾರಿ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಅಳೆದು ತೂಗಿ ಆಡುವವನು. ಕೊನೆಗೆ ನನ್ನನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದ: "ಬೆಂಕಿ ಆರಿಸುವುದು ನಮ್ಮ ಕೆಲಸ. ನಿಮ್ಮದು ಒಂದೇ. ಎಲ್ಲರೂ ಹೊರಗಿದ್ದಾರಾ ಎಂದು ನಾನು ಕೇಳುತ್ತೇನೆ. ನೀವು ಹೌದು ಅಂದರೆ ಯಾರನ್ನೂ ಹುಡುಕಲು ಕಳಿಸುವುದಿಲ್ಲ. ಇಲ್ಲ ಅಂದರೆ ಇಬ್ಬರನ್ನು ಹೊಗೆಯೊಳಗೆ ಕಳಿಸುತ್ತೇನೆ. ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ." ಮೊದಲು ಹೆಸರು ಕೂಗಿ ಪಟ್ಟಿಯಲ್ಲಿ ಗುರುತು ಹಾಕಬೇಕು, ಆಮೇಲೆ ತಲೆ ಎಣಿಸಬೇಕು, ಎರಡೂ ಆದಮೇಲೆ ಬಾಯಿ ಬಿಡಬೇಕು ಎಂದ. ನಾನು ಬರೆದುಕೊಂಡೆ.

ಅಕ್ಟೋಬರಿನಲ್ಲಿ ಅಣಕು ಅಭ್ಯಾಸವಾಯಿತು. ಗಂಟೆ ಹೊಡೆದದ್ದೇ ಎಲ್ಲರೂ ಕೆಳಗಿಳಿದು, ಕಾಲುವೆಯ ಪುಟ್ಟ ಸೇತುವೆ ದಾಟಿ, ಸೈಕಲ್ ಸ್ಟ್ಯಾಂಡಿನ ಹತ್ತಿರ ಸೇರಿದೆವು. ಕಟ್ಟಡದಿಂದ ಅಲ್ಲಿಗೆ ಇನ್ನೂರು ಹೆಜ್ಜೆ. ನಾನು ಹೆಸರು ಕೂಗಿದೆ. ಸ್ಪಂದನಾ, ಎಸ್ ಮೇಡಂ. ತ್ಯಾಗರಾಜ, ಎಸ್. ಹಾಲಪ್ಪ ಎಂದಾಗ ಹಿಂದಿನಿಂದ "ಅದೀನ್ರಿ" ಎಂದು ಕೇಳಿಸಿತು. ಗದಗಿನ ಕಡೆಯ ಹಾಲಪ್ಪ ಯಾವತ್ತೂ ಎಸ್ ಅಂದವನಲ್ಲ. ಇದ್ದೇನೆ ಎನ್ನುವುದನ್ನು ತನ್ನ ಊರಿನಂತೆಯೇ ಹೇಳುತ್ತಿದ್ದ, ಮೂಗಿನಲ್ಲಿ ಸ್ವಲ್ಪ ಎಳೆದು. ನಾನು ಗುರುತು ಹಾಕಿದೆ. ಐದು ನಿಮಿಷ ಬಿಟ್ಟು ನೋಡಿದರೆ ಅದೇ ಹಾಲಪ್ಪ ಊಟದ ಡಬ್ಬಿ ಹಿಡಿದು ಕಟ್ಟಡದಿಂದ ನಿಧಾನವಾಗಿ ಇಳಿದು ಬರುತ್ತಿದ್ದಾನೆ!

ಕಿಶನ್ ಅವನ ದನಿ ಅಣಕಿಸಿ ಪ್ರಾಕ್ಸಿ ಕೊಟ್ಟಿದ್ದ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಒಬ್ಬರ ಹಾಜರಿ ಇನ್ನೊಬ್ಬರು ಹೇಳಿಯೇ ಪಾಸಾದ ಜನ ಇವರು. ನನಗೆ ಮೈಯೆಲ್ಲ ಉರಿದುಹೋಯಿತು.

"ಕಾಲೇಜಲ್ಲಿ ಪ್ರಾಕ್ಸಿ ಕೊಟ್ರೆ ಅಟೆಂಡೆನ್ಸ್ ಸಿಗತ್ತೆ. ಇಲ್ಲಿ ಕೊಟ್ರೆ ಹೆಣ ಸಿಗತ್ತೆ. ತಲೆಗೆ ಹೋಯ್ತಾ?"

ಕಿಶನನ ಕಣ್ಣಲ್ಲಿ ನೀರು ಬಂತು. "ಹೋಗ್ಲಿ ಬಿಡ್ರಿ ಮೇಡಂ, ಸಣ್ಣ ಹುಡುಗ ಅದಾನ," ಎಂದು ಹಾಲಪ್ಪನೇ ಸಮಾಧಾನ ಮಾಡಿದ. ಗುರುತು ಹಾಕಿದ ಮೇಲೆ ತಲೆ ಎಣಿಸದೆ ಬಿಟ್ಟವಳು ನಾನೇ ಅಲ್ಲವೇ ಎಂದು ನನಗೆ ಆಗ ಹೊಳೆಯಲಿಲ್ಲ. ಬೈಯುವುದರಲ್ಲಿ ಅದು ಮರೆತುಹೋಯಿತು.

ನವೆಂಬರಿನ ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಗಂಟೆ ಹೊಡೆಯಿತು. ಅಣಕು ಅಲ್ಲ, ನೆಲಮಾಳಿಗೆಯ ಬ್ಯಾಟರಿ ಕೋಣೆಯಲ್ಲಿ ಏನೋ ಸುಡುತ್ತಿತ್ತು, ಮೆಟ್ಟಿಲ ಬಳಿ ಪ್ಲಾಸ್ಟಿಕ್ ಕರಗಿದ ವಾಸನೆ. ಹೊರಗೆ ಬಂದರೆ ಮಂಜು. ಆ ದೇಶದ ಮಂಜು ಮೇಲಿನಿಂದ ಇಳಿಯುವುದಿಲ್ಲ, ಕಾಲುವೆಯಿಂದ ಎದ್ದು ಬಂದು ನಿಂತುಬಿಡುತ್ತದೆ. ಸೇತುವೆ ದಾಟಿದ ಮೇಲೆ ತಿರುಗಿ ನೋಡಿದೆ, ನಾಲ್ಕು ಮಹಡಿಯ ಕಟ್ಟಡ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿ ನಿಂತವರ ಮುಖವೇ ಬೂದಿ ಬಣ್ಣದ ಕಲೆಯಂತೆ ಕಾಣುತ್ತಿತ್ತು.

ನಾನು ಪಟ್ಟಿ ಹಿಡಿದು ಕೂಗಿದೆ. ಹದಿನೆಂಟು ಹೆಸರು, ನಾನು ಹತ್ತೊಂಬತ್ತನೆಯವಳು. ದನಿಗಳು ಮಂಜಿನೊಳಗಿಂದ ಬಂದವು, ಒಂದು ಎಡದಿಂದ, ಒಂದು ಹಿಂದಿನಿಂದ. ಸ್ಮೃತಿ, ಎಸ್. ಸಾತ್ವಿಕ್, ಎಸ್ ಮೇಡಂ. ಹಾಲಪ್ಪ.

"ಅದೀನ್ರಿ."

ಹತ್ತಿರದಲ್ಲೇ ಕೇಳಿಸಿತು, ನನ್ನ ಬಲಭುಜದ ಪಕ್ಕದಲ್ಲಿ. ಗುರುತು ಹಾಕಿದೆ. ಹದಿನೆಂಟಕ್ಕೆ ಹದಿನೆಂಟು ಗುರುತು. ಆಗಲೇ ಅಗ್ನಿಶಾಮಕ ವಾಹನ ಬಂದು ನಿಂತು ಹೆಂಕ್ ಇಳಿದ. ಅವಸರದಲ್ಲಿ ಡಚ್ಚಿನಲ್ಲೇ ಕೇಳಿದ, ಎಲ್ಲರೂ ಹೊರಗಾ ಎಂದು. ನಾನೂ ಕಲಿತದ್ದನ್ನು ತೋರಿಸುವ ಉಮೇದಿನಲ್ಲಿ ಅವನ ಭಾಷೆಯಲ್ಲೇ ಹೇಳಿದೆ, "ಈಡರೇನ್ ಬೌಟೆನ್." ಎಲ್ಲರೂ ಹೊರಗೆ. ಅವನು ತಲೆಯಾಡಿಸಿ ತನ್ನ ಜನರನ್ನು ನೆಲಮಾಳಿಗೆಗೆ ಮಾತ್ರ ಕಳಿಸಿದ.

ಪಕ್ಕದ ಕಟ್ಟಡದ ಕಚೇರಿಯ ಹೆಂಗಸೊಬ್ಬಳು ಬಂದು ನೀವು ಎಷ್ಟು ಜನ ಎಂದು ಕೇಳಿದಳು. ಹತ್ತೊಂಬತ್ತು ಎಂದೆ. ಸ್ವಲ್ಪ ಹೊತ್ತಿಗೆ ದೊಡ್ಡ ತಟ್ಟೆಯಲ್ಲಿ ಕಾಫಿ ತಂದಳು. ನಾನೇ ಹಂಚಿದೆ. ಎಲ್ಲರೂ ತೆಗೆದುಕೊಂಡರು, ನಾನೂ ಒಂದು ಹಿಡಿದೆ. ತಟ್ಟೆಯಲ್ಲಿ ಒಂದು ಲೋಟ ಉಳಿಯಿತು, ಹಬೆಯಾಡುತ್ತಾ.

ನಮ್ಮವರಾಗಿದ್ದರೆ ಬೇಕಾದೀತು ಎಂದು ನಾಲ್ಕು ಹೆಚ್ಚಿಗೇ ತರುತ್ತಿದ್ದರು, ನಾನು ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಇವರು ಹತ್ತೊಂಬತ್ತು ಅಂದರೆ ಹತ್ತೊಂಬತ್ತೇ ತರುವ ಜನ. ನನ್ನ ಲೋಟ ಕೆಳಗಿಟ್ಟು ಕೂಗಿದೆ.

"ಯಾರು ತಗೊಂಡಿಲ್ಲ ಕಾಫಿ?"

ಎಲ್ಲರೂ ತೆಗೆದುಕೊಂಡಿದ್ದರು. ನಾನು ಕಿಶನನ ಕಾಲರಿಗೇ ಕೈ ಹಾಕಿದೆ. "ಮತ್ತೆ ಕೊಟ್ಯಾ? ಹಾಲಪ್ಪಂಗೆ ಮತ್ತೆ ಪ್ರಾಕ್ಸಿ ಕೊಟ್ಯಾ?"

"ಇಲ್ಲ ಮೇಡಂ. ಅಮ್ಮನಾಣೆ ಇಲ್ಲ. ನಾನು ಆ ಕಡೆ ಇದ್ದೆ, ನೀವು ಈ ಕಡೆ ತಿರುಗಿ ಬರ್ಕೊಂಡ್ರಿ. ಅದು ಹಾಲಪ್ಪಾನೇ ಅನ್ಕೊಂಡೆ ನಾನು."

ಅವನ ಮುಖ ಬಿಳಿಚಿಕೊಂಡಿತ್ತು, ಸುಳ್ಳು ಹೇಳುತ್ತಿರಲಿಲ್ಲ. ನಾನು ಒಬ್ಬೊಬ್ಬರ ಭುಜ ಮುಟ್ಟುತ್ತಾ ಮಂಜಿನಲ್ಲಿ ಸುತ್ತಿದೆ. ಹದಿನೇಳು ಭುಜ. ಮತ್ತೆ ಸುತ್ತಿದೆ, ಹದಿನೇಳೇ, ಹಾಲಪ್ಪ ಇರಲಿಲ್ಲ. "ನಂಗೂ ಕೇಳಿಸ್ತು ಮೇಡಂ, ನಿಮ್ ಪಕ್ಕದಲ್ಲೇ," ಎಂದು ಸ್ಪಂದನಾ ಅಳತೊಡಗಿದಳು. ನನ್ನ ಪಕ್ಕದಲ್ಲಿ ಆಗ ಯಾರಿದ್ದರು ಎಂದು ಕೇಳಿದೆ. ಯಾರೂ ಇರಲಿಲ್ಲ.

ಪಟ್ಟಿಯಲ್ಲಿ ನನ್ನದೇ ಕೈಯ ಗುರುತು ಇತ್ತು. ಹೌದು ಎಂದದ್ದು ನಾನು, ಅದಾಗಿ ಹನ್ನೆರಡು ನಿಮಿಷವಾಗಿತ್ತು. ಈಗ ಇಲ್ಲ ಎಂದರೆ ಮಕ್ಕಳೊಂದಿಗರಾದ ಇಬ್ಬರು ಹೊಗೆಯೊಳಗೆ ಹೋಗುತ್ತಾರೆ, ಯಾರದೋ ಒಂದು ದನಿಯನ್ನು ನಾನು ನಂಬಲಿಲ್ಲವೆಂಬ ಕಾರಣಕ್ಕೆ. ಹೇಳದಿದ್ದರೆ ಹಾಲಪ್ಪ. ಕಟ್ಟಡದ ಬಳಿಗೆ ಹೋಗಿದ್ದ ಹೆಂಕ್‌ನತ್ತ ಸೇತುವೆಯ ಮೇಲೆ ಓಡುವಾಗ ನನಗೆ ಇಷ್ಟೇ ತಲೆಯಲ್ಲಿದ್ದದ್ದು.

"ನಾನು ಹೇಳಿದ್ದು ತಪ್ಪು," ಎಂದೆ ಹೆಂಕ್‌ಗೆ. "ಒಬ್ಬ ಒಳಗಿದ್ದಾನೆ. ಮೂರನೇ ಮಹಡಿ, ಕಂಪ್ಯೂಟರ್ ಟೇಪ್ ಇಡುವ ಕೋಣೆ. ಬೆಳಗಿನ ಹೊತ್ತು ಅವನ ಕೆಲಸ ಅಲ್ಲೇ."

ಅವನು ನನ್ನ ಕೈಯಲ್ಲಿದ್ದ ಪಟ್ಟಿ ನೋಡಿದ, ಗುರುತು ನೋಡಿದ, ನನ್ನ ಮುಖ ನೋಡಿದ. ಒಂದೂ ಪ್ರಶ್ನೆ ಕೇಳದೆ ಇಬ್ಬರ ಹೆಸರು ಕರೆದ. ಅವರು ಮುಖವಾಡ ಎಳೆದುಕೊಂಡು ಹೋದರು. ನಾನು ಅಲ್ಲೇ ನಿಂತೆ. ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಗೆ ಮಂಜಿನೊಳಗಿಂದ ಅವರು ಬಂದರು, ನಡುವೆ ಹಾಲಪ್ಪನನ್ನು ಎತ್ತಿಕೊಂಡು. ಅವನ ಮೂಗು, ತುಟಿ ಕಪ್ಪಾಗಿದ್ದವು. ಉಸಿರು ಇತ್ತು.

ಹೊಗೆ ಕೇಬಲ್ಲುಗಳ ಕಿಂಡಿಯಿಂದ ಮೇಲೇರಿ ನೇರ ಆ ಕೋಣೆಗೆ ನುಗ್ಗಿತ್ತಂತೆ. ಯಂತ್ರಗಳ ಸದ್ದಿನಲ್ಲಿ ಅವನಿಗೆ ಗಂಟೆ ಕೇಳಿಸಿದ್ದು ತಡವಾಗಿ. ಆ ಕೋಣೆಗೆ ಒಂದೂ ಕಿಟಕಿ ಇಲ್ಲ.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಹಾಲಪ್ಪ ಗೋಡೆ ಕಡೆ ನೋಡುತ್ತಾ ಮಲಗಿದ್ದ, ನನ್ನನ್ನು ಕಂಡು ಏಳಲು ನೋಡಿದ. ಮಲಗು ಎಂದು ಗದರಿದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಅವನೇ ಶುರು ಮಾಡಿದ.

"ನೀವು ಹೆಸರು ಕರದ್ರಲ್ರಿ ಮೇಡಂ, ನನಗ ಕೇಳಿಸ್ತು. ಬಾಗ್ಲ ಹುಡುಕ್ಕೊಂತ ನೆಲದ ಮ್ಯಾಲ ತೆವಳಾಕತ್ತಿದ್ದೆ. ಸ್ಪಂದನಾ, ತ್ಯಾಗರಾಜ, ಎಲ್ಲಾರ ಹೆಸರೂ ಕೇಳಿಸ್ತು. ನನ್ನ ಹೆಸರು ಬಂತು. ಅದೀನ್ರಿ ಅಂದೆ."

"ಆ ರೂಮಿಂದ ಹೇಗೆ ಕೇಳಿಸತ್ತೆ ಹಾಲಪ್ಪ?"

"ಗೊತ್ತಿಲ್ರಿ. ನೀವು ಬಾಜೂಕ ನಿಂತಂಗ ಇತ್ತು." ಅವನು ಸ್ವಲ್ಪ ಹೊತ್ತು ಕೆಮ್ಮಿದ. "ಆಮ್ಯಾಲ ನೀವು ಅಂದ್ರಿ, ಈಡರೇನ್ ಬೌಟೆನ್."

ಅವನಿಗೆ ಡಚ್ಚಿನಲ್ಲಿ ಬ್ರೆಡ್ಡು ಕೇಳಲೂ ಬರುತ್ತಿರಲಿಲ್ಲ.

"ಅದರ ಅರ್ಥ ನಿನಗೆ ಯಾರು ಹೇಳಿದ್ರು?"

"ಯಾರೂ ಇಲ್ರಿ. ತಿಳೀತು. ಎಲ್ಲಾರೂ ಹೊರಗದಾರ ಅಂತ ಮೇಡಮ್ಮೇ ಅಂದ್ರಂದ್ರ ನಾನೂ ಹೊರಗ ಬಂದಿರಬೇಕು ಅಂತ ಅನಿಸ್ತು. ತೆವಳೋದು ಬಿಟ್ಟೆ. ಅಲ್ಲೇ ಮಲಗಿದೆ."

ನಾನು ಕುರ್ಚಿಯ ತೋಳು ಹಿಡಿದುಕೊಂಡೆ. ಬಾಗಿಲಿನಿಂದ ಮೂರು ಮಾರು ದೂರದಲ್ಲಿ, ಕೈಗಳನ್ನು ಎದೆಯ ಮೇಲಿಟ್ಟು ಹಾಯಾಗಿ ಮಲಗಿದ್ದ ಎಂದು ಹೆಂಕ್ ಹೇಳಿದ್ದು ನೆನಪಾಯಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಒಂದು ಕೆಲಸ ಮಾಡ್ತೀರೇನ್ರಿ ಮೇಡಂ?" ಹಾಲಪ್ಪ ಮಗುವಿನಂತೆ ಕೇಳಿದ. "ನನ್ನ ಹೆಸರು ಒಮ್ಮೆ ಕರೀರಿ. ನಾನು ಹೊರಗ ಬಂದೀನೋ ಇಲ್ಲೋ, ಅವತ್ತಿಂದ ನನಗ ಖಾತ್ರಿ ಆಗವಲ್ದು."

ಕಟ್ಟಡವನ್ನೇ ಖಾಲಿ ಮಾಡಿಸುವ ಗಂಟಲನ್ನು ತಗ್ಗಿಸಿದೆ. ಮೆಲ್ಲಗೆ ಕರೆದೆ.

"ಅದೀನ್ರಿ," ಎಂದ.

ನಾನು ಕಿವಿಯನ್ನು ನಂಬಲಿಲ್ಲ. ಹೊದಿಕೆಯೊಳಗೆ ಕೈ ಹಾಕಿ ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ. ಬಿಸಿ ಇತ್ತು, ನಾಡಿ ಹೊಡೆದುಕೊಳ್ಳುತ್ತಿತ್ತು.

"ಇದೀಯಾ ಕಣೋ," ಎಂದೆ. ಹೊತ್ತಾಯಿತೆಂದು ನರ್ಸ್ ಬಂದು ಎಬ್ಬಿಸುವವರೆಗೂ ಆ ಕೈ ಬಿಡಲಿಲ್ಲ.