ಸದನದಲ್ಲಿ ಕಸ್ತೂರಿಯ ಹೆಸರು

"ಸಿಸ್ಟರ್, ಇದು ನೀವ ಅಲ್ರಿ?"

ಮುದುಕರ ತೋಳಿಗೆ ಇಂಜೆಕ್ಷನ್ ಕೊಡಲು ಹತ್ತಿಯಿಂದ ಒರೆಸುತ್ತಿದ್ದ ಕಸ್ತೂರಿ ತಲೆಯೆತ್ತಿದಳು. ಮುದುಕರ ಅಳಿಯ ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದಿದ್ದ. ಅದರ ವಿಡಿಯೋದಲ್ಲಿ, ಬೆಳಗಾವಿ ಅಧಿವೇಶನದಲ್ಲಿ, ಶಾಸಕ ಬಸವಕಿರಣ ಎದ್ದು ನಿಂತು ಮಾತಾಡುತ್ತಿದ್ದರು.

"ಅಧ್ಯಕ್ಷರೇ, ದೇವದಾಸಿ ತಾಯಂದಿರ ಮಕ್ಕಳು ಏನು ತಪ್ಪು ಮಾಡ್ಯಾರ? ಅಪ್ಪ ಯಾರಂತ ಕೇಳಿ ಅವರನ್ನ ಎಲ್ಲಾ ಬಾಗಲದಾಗ ನಿಲ್ಲಸ್ತೀವಿ. ನನ್ನ ಕ್ಷೇತ್ರದ ಹುಲಿಗೆವ್ವನ ಮಗಳು ಕಸ್ತೂರಿ ಇವತ್ತು ಹುಬ್ಬಳ್ಳಿ ವಿದ್ಯಾನಗರದ ಆಸ್ಪತ್ರ್ಯಾಗ ನರ್ಸ್ ಇದ್ದಾಳ. ಆಕಿ ಕಡೆ ಇಂಜೆಕ್ಷನ್ ಮಾಡಿಸ್ಕೊಂಡವ್ರು ಆಕಿ ಯಾರ ಮಗಳಂತ ಕೇಳ್ಯಾರೇನು?"

ಮೇಜು ಕುಟ್ಟುವ ಸದ್ದು ಕೇಳಿಸಿತು. ಶಾಸಕರು ಒಂದು ಫೋಟೋ ಎತ್ತಿ ಹಿಡಿದರು. ಬಿಳಿ ಸಮವಸ್ತ್ರದಲ್ಲಿ ಕಸ್ತೂರಿ, ಪಕ್ಕದಲ್ಲಿ ಸೆರಗು ಹೊದ್ದ ಅವ್ವ. ವಿರೋಧ ಪಕ್ಷದವರೂ ಚಪ್ಪಾಳೆ ತಟ್ಟುತ್ತಿದ್ದರು. ಮಾತಾಡುವಾಗ ಬಸವಕಿರಣರ ಕಣ್ಣು ತುಂಬಿ ಬಂದದ್ದು ನಾಟಕವಾಗಿರಲಿಲ್ಲ.

ಮುದುಕರು ಮೆಲ್ಲಗೆ ತೋಳು ಹಿಂದಕ್ಕೆಳೆದುಕೊಂಡು ಅಂಗಿಯ ತೋಳು ಇಳಿಸಿಕೊಂಡರು. "ಆಮ್ಯಾಲೆ ಮಾಡಸ್ಕೊಂಡ್ರಾತು ಬಿಡವಾ. ಇನ್ನೊಬ್ಬಾಕಿ ಸಿಸ್ಟರ್ ಬರ್ತಾಳಲ್ಲ."

ಕಾರಿಡಾರಿನಲ್ಲಿ ಅಳಿಯ ಹಿಂದೆಯೇ ಬಂದ. "ಸಾಹೇಬ್ರು ಛಲೋ ಮಾತಾಡ್ಯಾರ," ಎಂದವನು ದನಿ ತಗ್ಗಿಸಿ, "ಡ್ಯೂಟಿ ಎಷ್ಟಕ್ಕ ಮುಗೀತೈತ್ರಿ?" ಎಂದ.

"ಯಾಕ್ರಿ?"

"ಸುಮ್ನ ಕೇಳ್ದೆ," ಎಂದು ನಕ್ಕ.

ಕೆಲಸಕ್ಕೆ ಸೇರಿದಂದಿನಿಂದ ಕಸ್ತೂರಿ ಎಲ್ಲರಿಗೂ ಹೇಳಿಕೊಂಡು ಬಂದದ್ದು ಒಂದೇ: ಅಪ್ಪ ಸಾಲಿ ಮಾಸ್ತರ ಇದ್ದರು, ತಾನು ಸಣ್ಣವಳಿದ್ದಾಗ ತೀರಿಹೋದರು. ಹೇಳಿ ಹೇಳಿ ಆ ಮಾಸ್ತರರಿಗೆ ದಪ್ಪ ಕನ್ನಡಕ, ಸಿಟ್ಟು, ಮೊಸರನ್ನದ ಮೇಲಿನ ಆಸೆ ಎಲ್ಲವೂ ಬಂದಿದ್ದವು. ಒಮ್ಮೊಮ್ಮೆ ಅವಳೂ ಅವರನ್ನು ನೆನೆಸಿಕೊಳ್ಳುತ್ತಿದ್ದಳು. ಅಂದು ಸಂಜೆಯ ಹೊತ್ತಿಗೆ ಆ ಮಾಸ್ತರರಿಗೆ ಎರಡನೆಯ ಸಾವು ಬಂದಿತ್ತು. ಜೊತೆಗೆ ಕೆಲಸ ಮಾಡುವವರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಮರುದಿನ ಮೇಟ್ರನ್ ಕರೆದು, ಬಹಳ ಪ್ರೀತಿಯಿಂದ, ಇನ್ನು ಮೇಲೆ ವಾರ್ಡಿಗೆ ಹೋಗುವುದು ಬೇಡ, ಒಳಗೆ ಉಪಕರಣ ಕುದಿಸುವ ಕೋಣೆಯಲ್ಲಿರು ಎಂದರು.

ನವನಗರದಲ್ಲಿ ಅವಳು ಬಾಡಿಗೆಗಿದ್ದದ್ದು ಗೌರಕ್ಕನ ಮನೆಯ ಹಿಂದಿನ ಖೋಲಿಯಲ್ಲಿ. ಹಬ್ಬಕ್ಕೆ ಹೋಳಿಗೆ ಲಟ್ಟಿಸಲು ಕಸ್ತೂರಿಯೇ ಬೇಕು ಎನ್ನುತ್ತಿದ್ದ ಗೌರಕ್ಕ ಅಂದು ಹೊಸ್ತಿಲ ಆಚೆಯೇ ನಿಂತಳು.

"ನಾ ಏನೂ ಅನ್ನಂಗಿಲ್ಲವಾ. ನೀ ಬಂಗಾರದಂಥಾಕಿ. ಆದ್ರ ನಮ್ಮ ಮಗಳು ಶಾಂಭವಿ ಲಗ್ನದ ಮಾತು ನಡದೈತಿ. ಬೀಗ್ರು ಬಂದು ಹೋಗಿ ಮಾಡ್ತಾರ. ಮೊದಲ ಹೇಳಿದ್ರ ನಾವ ಏನರ ವಿಚಾರ ಮಾಡ್ತಿದ್ವಿ."

"ಮೊದಲ ಹೇಳಿದ್ರ ಖೋಲಿ ಕೊಡ್ತಿದ್ರೇನಕ್ಕಾ?"

ಗೌರಕ್ಕ ಒಣಹಾಕಿದ್ದ ಸೀರೆ ತೆಗೆಯಲು ಹೋದಳು.

ಅವ್ವನಿಗೆ ಫೋನ್ ಮಾಡಿದರೆ ಆ ಕಡೆ ಸಂಭ್ರಮ. "ನಿನ್ನ ಹೆಸರು ರಾಜ್ಯಕ್ಕೆಲ್ಲಾ ಗೊತ್ತಾತು ನೋಡವಾ. ಸಾಹೇಬ್ರು ನಮ್ಮ ಮನ್ಯಾಗ ನೆಲದ ಮ್ಯಾಲೆ ಕುಂತು ಚಾ ಕುಡದ್ರು. ನನಗ ಅವ್ವಾ ಅಂತ ಕರದ್ರು. ಅಂಥವ್ರು ಕೇಳಿದ್ರ ಫೋಟೋ ಕೊಡದ ಹೆಂಗ ಇರಲಿ?" ಬಯ್ಯಬೇಕೆಂದಿದ್ದ ಕಸ್ತೂರಿ, ಉಂಡೆಯಾ ಎಂದು ಕೇಳಿ ಫೋನ್ ಇಟ್ಟಳು.

ಅಧಿವೇಶನ ಮುಗಿಸಿ ಬಸವಕಿರಣ ಹುಬ್ಬಳ್ಳಿಗೆ ಬಂದ ಮೇಲೆ ಅವಳು ಅವರ ಮನೆಗೆ ಹೋದಳು. ಮುಂದಿನ ಕೋಣೆ ಜನರಿಂದ ತುಂಬಿತ್ತು. ಶಾಸಕರು ಅವಳನ್ನು ಗುರುತಿಸಿ ಎದ್ದು ನಿಂತು, ತಮ್ಮ ಪಕ್ಕದ ಕುರ್ಚಿಯಲ್ಲಿ ಕೂಡಿಸಿದರು. ಯಾರೋ ಫೋಟೋ ತೆಗೆದರು.

"ನೋಡ್ರಿ, ಸರಕಾರ ಒಪ್ಕೊಂಡೈತಿ. ದೇವದಾಸಿ ಮಕ್ಕಳಿಗೆ ಹಾಸ್ಟೆಲ್ ಆಗ್ತೈತಿ. ನಿಮ್ಮಿಂದ ಆತಿದು."

"ನನ್ನ ವಿಡಿಯೋ ತಗಸ್ರಿ ಸರ್," ಎಂದಳು ಕಸ್ತೂರಿ. ಆಸ್ಪತ್ರೆಯದನ್ನೂ ಖೋಲಿಯದನ್ನೂ ಹೇಳಿದಳು. ಬಸವಕಿರಣರ ಮುಖ ಕೆಂಪಾಯಿತು.

"ಸದನದಾಗ ಆಡಿದ್ದು ತಗಿಯಾಕ ಬರಂಗಿಲ್ಲ. ತಗೀಲೂಬಾರ್ದು. ನಾಚ್ಕೋಬೇಕಾದವ್ರು ಅವ್ರು, ನೀವಲ್ಲ."

"ಖರೇ ಐತ್ರಿ. ಆದ್ರ ಖೋಲಿ ಬಿಡಾಕಿ ನಾನು."

ಅವರು ಗೌರಕ್ಕನ ನಂಬರು ಕೇಳಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿ, ತಮ್ಮ ಪರಿಚಯ ಹೇಳಿ ಮಾತಾಡಿದರು. ಗೌರಕ್ಕನ ದನಿ ಜೇನಿನಂತಿತ್ತು. "ಅಯ್ಯ, ನಾವೆಲ್ಲಿ ಹೋಗು ಅಂದೇವ್ರಿ ಸಾಹೇಬ್ರ? ಆಕೀನ ಖೋಲಿ ಬಿಡ್ತೇನಿ ಅಂದಾಳ. ಬೇಕಾದ್ರ ಕೇಳ್ರಿ."

ಬಸವಕಿರಣ ಫೋನ್ ಇಟ್ಟರು. ಕಸ್ತೂರಿ ಕಿಟಕಿಯಾಚೆ ನೋಡಿದಳು. ಅವರದೇ ಅಂಗಳದ ತುದಿಯಲ್ಲಿ ಬಾಡಿಗೆಗಿದೆ ಎಂದು ಬೋರ್ಡು ಹಾಕಿದ ಸಣ್ಣ ಮನೆಯಿತ್ತು.

"ಸರ್, ಆ ಮನಿ ನನಗ ಬಾಡಿಗಿಗೆ ಕೊಡ್ತೀರೇನ್ರಿ? ಅವ್ವನ್ನೂ ಕರ್ಕೊಂಡ ಬರ್ತೇನಿ."

ಬಸವಕಿರಣ ಬಾಯಿ ತೆರೆದರು. ಒಳಬಾಗಿಲ ಪರದೆಯ ಹಿಂದೆ ಬಳೆಯ ಸದ್ದು ನಿಂತಿತು. ಅವರು ಅತ್ತ ನೋಡಿದರು, ಮತ್ತೆ ಇತ್ತ. ಸದನದಲ್ಲಿ ಒಮ್ಮೆಯೂ ತಡವರಿಸದಿದ್ದ ಮನುಷ್ಯ ಕನ್ನಡಕ ತೆಗೆದು ಒರೆಸತೊಡಗಿದರು.

"ಮನ್ಯಾಗ ಒಂದ ಮಾತು ಕೇಳಿ ಹೇಳ್ತೇನಿ. ತಪ್ಪು ತಿಳ್ಕೋಬ್ಯಾಡ್ರಿ."

"ಇಲ್ರಿ ಸರ್," ಎಂದಳು ಕಸ್ತೂರಿ. ಹೊರಗೆ ಬರುವಾಗ ಅವರ ಕಡೆಯವನೊಬ್ಬ, ಫೋಟೋ ಛಲೋ ಬಂದಿದೆ, ಪೇಪರಿನಲ್ಲಿ ಬರುತ್ತದೆ ಎಂದ.

ಅಲ್ಲಿಂದ ಫೋನೇನೂ ಬರಲಿಲ್ಲ. ಕಸ್ತೂರಿ ಆಸ್ಪತ್ರೆಗೆ ರಜೆ ಬರೆದುಕೊಟ್ಟು, ಟ್ರಂಕು, ಹಾಸಿಗೆ ಕಟ್ಟಿಕೊಂಡು ಬಸ್ಸು ಹತ್ತಿ ಅವ್ವನ ಊರಿಗೆ ಬಂದಳು. ಹುಲಿಗೆವ್ವ ಕೇರಿಯ ಹೆಂಗಸರನ್ನೆಲ್ಲ ಕರೆದು ಮಗಳನ್ನು ತೋರಿಸಿದಳು. ಯಾಕೆ ಬಂದೆ ಎಂದು ಮಾತ್ರ ಕೇಳಲಿಲ್ಲ.

ಮಧ್ಯಾಹ್ನ ತಾಯಿ ಮಗಳು ಉಣ್ಣಲು ಕೂತಾಗ ಮನೆಯ ಮುಂದೆ ಬೈಕೊಂದು ಬಂದು ನಿಂತಿತು. ಬಿಳಿ ಅಂಗಿಯ ಗಂಡಸು ಸೀಟಿನಿಂದ ಇಳಿಯದೆಯೇ ಒಳಗೆ ಇಣುಕಿದ.

"ಹುಲಿಗೆವ್ವಾ, ಟೀವ್ಯಾಗ ಬಂದ ಮಗಳು ಊರಿಗೆ ಬಂದಾಳಂತಲ್ಲ?"

ಹುಲಿಗೆವ್ವ ಎಂಜಲು ಕೈಯಲ್ಲೇ ಎದ್ದಳು. ಬಾಗಿಲು ಹಾಕಿ ಅಗಳಿ ಜಡಿದಳು. ಆಮೇಲೆ ಮೂಲೆಯಲ್ಲಿದ್ದ ಜೋಳದ ಚೀಲವನ್ನು ಎಳೆದು ತರಲು ನೋಡಿದಳು. ಅದು ಒಬ್ಬಳಿಂದ ಅಲುಗಲಿಲ್ಲ. ಕಸ್ತೂರಿ ಎದ್ದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ, ಅದರ ಮೇಲೆಯೇ ಕೂತರು. ಹೊರಗೆ ಬೈಕಿನ ಎಂಜಿನ್ ಇನ್ನೂ ಆರಿರಲಿಲ್ಲ.