ಆಯೇರಿ ಕೊಟ್ಟವರ ಹೆಸರು

ನಮ್ಮ ಬ್ಯಾಂಡಿನ ಹೆಸರು ‘ಸಿಗ್ನಲ್ ಫೇಲ್’. ಹಾಡುವವನು ನಾನು, ಠಾಣೆಯ ನೌಪಾಡಾದ ರವಿಕಿರಣ್. ಡ್ರಮ್ ಬಾರಿಸುವವನು ಡೊಂಬಿವಲಿಯ ವಿಕಾಸ್. ಗಿಟಾರ್ ದಾನೇಶ್ವರಿಯದು. ಪಂಕ್ ರಾಕ್ ಅಂದರೆ ಏನು ಎಂದು ನಮ್ಮಪ್ಪ ಒಮ್ಮೆ ಕೇಳಿದ್ದರು. ಮೂರೇ ಸ್ವರ, ವಿಪರೀತ ವೇಗ, ಕಿವಿ ಹರಿಯುವಷ್ಟು ಸದ್ದು, ಎದುರಿಗೆ ನಿಂತವರನ್ನು ಸುಮ್ಮನೆ ನಿಲ್ಲಲು ಬಿಡಬಾರದು, ಇಷ್ಟೇ ಎಂದಿದ್ದೆ. “ಹಂಗಾದ್ರ ನೀ ಹುಟ್ಟಿದಾಗಿಂದ ನಮ್ಮ ಮನ್ಯಾಗ ಅದ ನಡದದ ಬಿಡು” ಎಂದು ಅವರು ಪೇಪರಿನ ಪುಟ ತಿರುವಿದರು.

ಎದುರಿಗೆ ನಿಂತವರ ವಿಷಯದಲ್ಲೇ ದಾನೇಶ್ವರಿ ಎಡವುತ್ತಿದ್ದಳು. ಅವಳು ಶಹಾಡದ ಹುಡುಗಿ, ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ವೈರು ಬೆಸೆಯುವ ಕೆಲಸ. ಕಲ್ಯಾಣದಲ್ಲಿ ನಾವು ಬಾಡಿಗೆಗೆ ಹಿಡಿದ ಪ್ರಾಕ್ಟೀಸ್ ಕೋಣೆಯಲ್ಲಿ ಅವಳನ್ನು ನೋಡಬೇಕು. ಹಾರುತ್ತಾಳೆ, ಒದೆಯುತ್ತಾಳೆ, ಮಂಡಿಯೂರಿ ಹಿಂದಕ್ಕೆ ಬಾಗಿ ತಂತಿ ಬಡಿಯುತ್ತಾಳೆ. ವಿಕಾಸ್ ತಾಳ ಮರೆತು ಬಾಯಿ ಬಿಟ್ಟುಕೊಂಡು ಕೂರುತ್ತಾನೆ. ಅದೇ ಹುಡುಗಿ ವೇದಿಕೆ ಹತ್ತಿದಳೋ, ಮುಗಿಯಿತು. ಆಂಪ್ಲಿಫೈಯರ್ ಕಡೆಗೆ ಮುಖ, ಜನರ ಕಡೆಗೆ ಬೆನ್ನು. ಬೆರಳು ಮಾತ್ರ ಒಂದೂ ತಪ್ಪುವುದಿಲ್ಲ. ವರ್ತಕ ನಗರದ ಕಾರ್ಯಕ್ರಮದಲ್ಲಿ ಒಬ್ಬ, “ಮೇಡಂ, ಗೋಡೆಗೆ ಹಾಡು ಹಿಡಿಸಿತಾ?” ಎಂದು ಕೂಗಿದ್ದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

“ಮಂದಿ ಮಾರಿ ನೋಡಿದ್ರ ಈ ಕೈ ನಂದಲ್ಲ ಅನಸ್ತದ ಯಾರ್” ಎಂದಿದ್ದಳು ದಾನೇಶ್ವರಿ. “ಅಷ್ಟೊಂದು ಕಣ್ಣು. ಯಾರು, ಏನು, ಒಬ್ಬರದೂ ಗೊತ್ತಿಲ್ಲ.”

ನನಗೆ ವೇದಿಕೆ ಎಂದರೆ ಮಾವನ ಮನೆ ಇದ್ದ ಹಾಗೆ. ಜಾಕೆಟ್ಟಿನ ತುಂಬ ಸೇಫ್ಟಿಪಿನ್ನು ಚುಚ್ಚಿಕೊಂಡು ಈ ತುದಿಯಿಂದ ಆ ತುದಿಗೆ ಓಡುತ್ತೇನೆ. ಅವಳ ಕಷ್ಟ ನನಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ತಾಳ್ಮೆಯೂ ಇರಲಿಲ್ಲ. ನವಿ ಮುಂಬೈನ ತುರ್ಭೆಯಲ್ಲಿ ಅಂಗಾರ ಎಂಬವರು ಒಂದು ಹಳೇ ಗೋದಾಮಿನಲ್ಲಿ ಭಾನುವಾರ ಮಧ್ಯಾಹ್ನ ಬ್ಯಾಂಡುಗಳನ್ನು ಕರೆಸುತ್ತಾರೆ. ಜನ ಮೆಚ್ಚಿದರೆ ಪ್ರತಿ ತಿಂಗಳೂ ಅವಕಾಶ. ನಮ್ಮ ಸರದಿ ಬಂದಾಗ ನಾನು ದಾನೇಶ್ವರಿಗೆ ನೇರವಾಗಿ ಹೇಳಿಬಿಟ್ಟೆ: “ಭಾನುವಾರ ಜನರ ಕಡೆ ತಿರುಗಿ ನಿಂತರೆ ಬ್ಯಾಂಡಲ್ಲಿ ಇರು. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ತೀನಿ.”

ಅವಳು ಕೇಬಲ್ ಸುತ್ತುತ್ತಾ ಕೂತಳು. ಈ ಬ್ಯಾಂಡು ಬಿಟ್ಟು ಅವಳು ಬೇರೆ ಏನನ್ನೂ ಆಸೆಪಟ್ಟವಳಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ಭಾನುವಾರ ಠಾಣೆ ಸ್ಟೇಷನ್ನಿನಲ್ಲಿ ವಿಕಾಸನ ಜೊತೆ ಅವಳಿಗಾಗಿ ಕಾಯುತ್ತಿದ್ದೆ. ಗಿಟಾರು ಹೆಗಲಿಗೇರಿಸಿಕೊಂಡು ಬಂದಳು. ಹಿಂದೆ ಇಳಕಲ್ ಸೀರೆಯ ಒಬ್ಬ ಮುದುಕಿ, ಕಂಕುಳಲ್ಲಿ ನೀರಿನ ಬಾಟಲಿ.

“ನಮ್ಮ ಆಯಿ, ಬಸವಣ್ಣೆವ್ವ” ಎಂದಳು ದಾನೇಶ್ವರಿ. “ಹಾಡಿನ ಕಾರ್ಯಕ್ರಮ ಅಂದೆ. ಬಂದೇ ಬರ್ತೀನಿ ಅಂತ ಹಟ ಹಿಡದ್ಲು.”

“ಮೊಮ್ಮಗಳು ಬಾರಸೂದು ನೋಡಬಾರದೇನು?” ಎಂದಳು ಆಯಿ ನನಗೆ. “ನಮ್ಮ ಸಿಂದಗಿ ಕಡೆ ನಾ ನೋಡದ ಭಜನಿ ಇಲ್ಲ, ನೋಡದ ಬಯಲಾಟ ಇಲ್ಲ, ತಮ್ಮಾ.”

ಇದು ಭಜನೆಯಲ್ಲ ಅಜ್ಜಿ ಎಂದು ಹೇಳಬೇಕೆನ್ನುವಷ್ಟರಲ್ಲಿ ಟ್ರೇನು ಬಂತು. ಆಯಿ ನಮ್ಮೆಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದಳು.

ಗೋದಾಮಿನಲ್ಲಿ ನೂರಿಪ್ಪತ್ತು ಜನ ಇದ್ದಿರಬೇಕು. ಬಣ್ಣದ ಕೂದಲು, ಹರಿದ ಪ್ಯಾಂಟು, ಮೂಗಿನ ರಿಂಗು. ಅಂಗಾರ ಆಯಿಗೆ ಮುಂದೆಯೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಕಿವಿಗೆ ಇಟ್ಟುಕೊಳ್ಳಲು ಹತ್ತಿ ಕೊಟ್ಟರು. ಆಯಿ ಅದನ್ನು ಸೀರೆಯ ಚುಂಗಿಗೆ ಗಂಟು ಹಾಕಿಕೊಂಡಳು, ಮನೆಯಲ್ಲಿ ದೀಪದ ಬತ್ತಿಗಾಯಿತು ಎಂದು.

ಶುರು ಮಾಡಿದೆವು. ದಾನೇಶ್ವರಿ ಅರ್ಧ ತಿರುಗಿದಳು. ನಾನು ಕಣ್ಣು ಬಿಟ್ಟು ಹೆದರಿಸಿದೆ. ಇನ್ನಷ್ಟು ತಿರುಗುವ ಬದಲು ಪೂರ್ತಿ ಆಂಪ್ಲಿಫೈಯರ್ ಕಡೆಗೇ ಹೋದಳು. ಎರಡು ಹಾಡು ಮುಗಿದವು. ನಾನು ಬೆವರು ಸುರಿಸಿಕೊಂಡು ಓಡಿದ್ದೇ ಬಂತು, ಜನ ಕೈಕಟ್ಟಿ ನಿಂತಿದ್ದರು. ಹಿಂದೆ ಅಂಗಾರ ಫೋನು ನೋಡುತ್ತಿದ್ದರು. ಇವಳ ಕಥೆ ಇಲ್ಲಿಗೆ ಮುಗಿಯಿತು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಮೂರನೆಯ ಹಾಡಿನ ನಡುವೆ ಆಯಿ ಎದ್ದಳು. ಸದ್ದು ತಾಳದೆ ಹೊರಟಳೇನೋ ಅಂದುಕೊಂಡೆ. ಆಕೆ ಸೀದಾ ವೇದಿಕೆಯ ಮೆಟ್ಟಿಲು ಹತ್ತಿ, ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಮೊಮ್ಮಗಳ ಹತ್ತಿರ ಹೋದಳು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಹತ್ತು ರೂಪಾಯಿಯ ನೋಟೊಂದನ್ನು ಅವಳ ಟೀಶರ್ಟಿನ ಭುಜಕ್ಕೆ ಚುಚ್ಚಿದಳು. ಗಿಟಾರು ನಿಂತಿತು, ಡ್ರಮ್ಮೂ ನಿಂತಿತು. ನಾನೊಬ್ಬನೇ ಇನ್ನೂ ಎರಡು ಸಾಲು ಕಿರುಚಿ ಬಾಯಿ ಮುಚ್ಚಿದೆ.

ಆಯಿ ಇಳಿಯಲಿಲ್ಲ. ಜನರ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು ನಿಂತಳು.

“ಅಜ್ಜಿ, ಆಯ್ತಲ್ಲ, ಕೆಳಗೆ ನಡೀರಿ” ಎಂದೆ, ಹಲ್ಲು ಕಚ್ಚಿ.

“ಹೆಂಗ ನಡೀಲಿ? ಆಯೇರಿ ಮಾಡೀನಿ, ಹೆಸರ ಒದರಬೇಕಲ್ಲ?”

ಅವರ ಊರಿನ ಪದ್ಧತಿ ಅದು. ಭಜನೆಯಲ್ಲಿ, ಆಟದಲ್ಲಿ ಮನಸ್ಸು ತುಂಬಿದವರು ನಡುವೆಯೇ ಎದ್ದುಬಂದು ಕಲಾವಿದರಿಗೆ ನೋಟು ಚುಚ್ಚುತ್ತಾರೆ. ಅದು ಆಯೇರಿ. ಆಟ ನಿಲ್ಲಿಸಿ, ಇಂಥ ಊರಿನ ಇಂಥವರು ಎಂದು ಹೇಳಿಯೇ ಮುಂದುವರಿಸಬೇಕು. ಹೇಳದಿದ್ದರೆ ಕೊಟ್ಟವರಿಗೆ ಅವಮಾನ.

ನಾನು ಮೈಕಿಗೆ ಬಾಯಿ ಹಚ್ಚಿದೆ, ಒಂದು ಸಲ ಹೇಳಿ ಸಾಗಹಾಕೋಣ ಎಂದು. ಆಯಿ ಕೈ ಅಡ್ಡ ತಂದಳು. “ನೀ ಅಲ್ಲೋ ತಮ್ಮಾ. ಯಾರಿಗೆ ಕೊಟ್ಟೀನಿ ಅಕೀನ ಹೇಳಬೇಕು. ದಾನವ್ವಾ, ಈ ಕಡೆ ಹೊಳ್ಳು.”

ದಾನೇಶ್ವರಿಯ ಕುತ್ತಿಗೆ ಕೆಂಪಾಗಿತ್ತು. ನಿಧಾನವಾಗಿ ಹೊರಳಿ ಮೈಕಿನ ಮುಂದೆ ಬಂದಳು. ಕಣ್ಣು ನೆಲದಲ್ಲಿ.

“ಶಹಾಡದ... ಬಸವಣ್ಣೆವ್ವ” ಎಂದಳು.

“ನಿನಗ ಕೇಳಿಸ್ತೇನು? ನನಗಂತೂ ಕೇಳಿಸಲಿಲ್ಲ” ಎಂದಳು ಆಯಿ. ಮುಂದಿನ ಸಾಲಿನವರಿಗೆ ಭಾಷೆ ತಿಳಿಯದಿದ್ದರೂ ನಗು ಬಂತು.

“ಶಹಾಡದ ಬಸವಣ್ಣೆವ್ವ!” ದಾನೇಶ್ವರಿ ಈ ಸಲ ಕೂಗಿಯೇ ಬಿಟ್ಟಳು. ಕೂಗಿದ ಮೇಲೆ ಏನು ಮಾಡಬೇಕೋ ತೋಚದೆ ತಂತಿಗಳನ್ನು ಒಮ್ಮೆ ಬಲವಾಗಿ ಬಡಿದಳು. ಗೋದಾಮಿನ ತಗಡು ನಡುಗಿತು. ನೂರಿಪ್ಪತ್ತು ಜನ ಒಟ್ಟಿಗೆ, “ಬಸವಣ್ಣೆವ್ವ!” ಎಂದು ಮೊಳಗಿದರು. ಆಯಿ ಕೈಮುಗಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಸಿರು ಕೂದಲಿನ ಒಬ್ಬ ಧಡೂತಿ ವೇದಿಕೆ ಹತ್ತಿ ಹತ್ತರ ನೋಟು ಚಾಚಿದ. ದಾನೇಶ್ವರಿ ಒಂದು ಕ್ಷಣ ತಡೆದಳು. ಯಾರೆಂದು ತಿಳಿಯದೆ ಏನೆಂದು ಕೂಗುವುದು? ತಲೆ ಎತ್ತಿ ಅವನ ಮುಖ ನೋಡಿದಳು. “ನಾಮ್ ಬೋಲ್.”

“ಹ್ಯಾರಿ.”

“ಅಸಲಿ ನಾಮ್?”

ಅವನು ಸ್ನೇಹಿತರ ಕಡೆ ಒಮ್ಮೆ ನೋಡಿ, ಅವಳ ಕಿವಿಯಲ್ಲಿ ಏನೋ ಹೇಳಿದ.

“ಕಲ್ಯಾಣದ ಹರಿಶ್ಚಂದ್ರ!” ಎಂದು ದಾನೇಶ್ವರಿ ಸಾರಿದಳು. ಅವನ ಸ್ನೇಹಿತರು ನೆಲಕ್ಕೆ ಬಿದ್ದು ನಕ್ಕರು. ಆಮೇಲೆ ಅವರೇ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು “ಹರಿಶ್ಚಂದ್ರ! ಹರಿಶ್ಚಂದ್ರ!” ಎಂದು ಕುಣಿದರು. ದಾನೇಶ್ವರಿ ಆ ಕೂಗಿಗೇ ಗಿಟಾರ್ ಹೊಂದಿಸಿದಳು, ವಿಕಾಸ್ ಹಿಂದಿನಿಂದ ಸೇರಿಕೊಂಡ.

ಆಮೇಲೆ ಸಾಲು ನಿಂತಿತು. ನೋಟು ಚುಚ್ಚಲು ಪಿನ್ನುಗಳು ನನ್ನ ಜಾಕೆಟ್ಟಿನಿಂದಲೇ ಹೋದವು. ಫೋನು ತೋರಿಸಿ ಸ್ಕ್ಯಾನ್ ಮಾಡಲೇ ಎಂದ ಹುಡುಗಿಯನ್ನು ಆಯಿ ಬೈದು ಕಳಿಸಿದಳು. ಆ ಹುಡುಗಿ ಯಾರ ಹತ್ತಿರವೋ ನೋಟು ಕಿತ್ತುಕೊಂಡು ಮತ್ತೆ ಬಂದಳು. ಐರೋಲಿಯವರು, ಮುಂಬ್ರಾದವರು, ಪನವೇಲಿನವರು. ಪ್ರತಿಯೊಬ್ಬರ ಮುಖವನ್ನೂ ದಾನೇಶ್ವರಿ ನೋಡಿದಳು, ಹೆಸರು ಕೇಳಿದಳು, ಒಬ್ಬೊಬ್ಬರಿಗೂ ಒಂದೊಂದು ಬೇರೆ ಹೊಡೆತ ಹೊಡೆದಳು. ಹತ್ತು ಹೆಸರಾಗುವ ಹೊತ್ತಿಗೆ ಅವಳು ವೇದಿಕೆಯ ತುದಿಗೆ ಬಂದಿದ್ದಳು. ಇಪ್ಪತ್ತಾಗುವ ಹೊತ್ತಿಗೆ ಹಾರಿದಳು. ಪ್ರಾಕ್ಟೀಸ್ ಕೋಣೆಯಲ್ಲಿ ನಾನು ನೋಡಿದ್ದ ಆ ಹುಡುಗಿ ಎಲ್ಲರ ಎದುರು ಮಂಡಿಯೂರಿ, ಹಿಂದಕ್ಕೆ ಬಾಗಿ, ಮೈತುಂಬ ನೋಟು ಪಟಪಟಿಸುತ್ತಾ ಬಾರಿಸುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆದರೆ ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು.

ಅಂಗಾರ ಜನರ ನಡುವೆ ನುಸುಳಿ ಬಂದು ನನ್ನ ಕಿವಿಯಲ್ಲಿ ಕೂಗಿದರು. “ಎಂತ ಮಾರಾಯ ಇದು! ಪ್ರತಿ ತಿಂಗಳು ಬರ್ಬೇಕು ನೀವು. ಆ ಹುಡುಗಿ ಇರ್ತಾಳೆ ಅಲ್ವಾ?”

ಇರುತ್ತಾಳೆ ಎಂದೆ. ಹಾಗೆ ಹೇಳುವಾಗ ನಾಚಿಕೆಯಾಯಿತು. ನನಗೆ ಅವಳನ್ನು ಹೆದರಿಸಲಷ್ಟೇ ಗೊತ್ತಿತ್ತು. ವೇದಿಕೆಯಿಂದ ಇಳಿದು, ಜೇಬಿನಲ್ಲಿ ಹತ್ತರ ನೋಟು ಹುಡುಕಿ, ಸಾಲಿನ ಕೊನೆಗೆ ನಿಂತೆ.

ನನ್ನ ಸರದಿ ಬಂದಾಗ ದಾನೇಶ್ವರಿ ನನ್ನನ್ನು ಅಪರಿಚಿತನಂತೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಹೆಸರು?”

“ರವಿಕಿರಣ್.”

“ಠಾಣೆಯ ರವಿಕಿರಣ್!” ಎಂದು ಕೂಗಿದಳು. ಆದರೆ ತಂತಿ ಬಡಿಯಲಿಲ್ಲ. ಜನರ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದಳು: “ಇವನನ್ನು ಬ್ಯಾಂಡಲ್ಲಿ ಇಟ್ಕೊಳ್ಳಲಾ? ಇಲ್ಲಾ ಬೇರೆಯವರನ್ನು ನೋಡಲಾ?”

“ಬೇರೆಯವರನ್ನು ನೋಡು!” ಎಂದ ಹರಿಶ್ಚಂದ್ರ, ಹೆಗಲ ಮೇಲಿನಿಂದಲೇ. ಇಡೀ ಗೋದಾಮು ಅದನ್ನೇ ಹಿಡಿದುಕೊಂಡಿತು. ಅಷ್ಟೊಂದು ಕಣ್ಣು. ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಆಯಿ ಏನಂತೆ ಎಂದು ವಿಕಾಸನನ್ನು ಕೇಳಿ ತಿಳಿದುಕೊಂಡಳು. ನನ್ನನ್ನು ಒಮ್ಮೆ ನೋಡಿದಳು.

“ಇರ್ಲಿ ಬಿಡವ್ವ, ದಾನವ್ವ” ಎಂದಳು ಮೈಕಿನಲ್ಲಿ. “ಪಾಪ, ಒದರಾಕ ಒಬ್ಬ ಬೇಕಲ್ಲ.”

ದಾನೇಶ್ವರಿ ಜೋರಾಗಿ ನಕ್ಕು ತಂತಿ ಬಡಿದಳು. ಮೈಕು ಅವಳ ಮುಂದೆಯೇ ಇತ್ತು. ನಾನು ಪಕ್ಕದಲ್ಲಿ ನಿಂತು, ಮೈಕಿಲ್ಲದೆಯೇ ಒದರಿದೆ.